ರಥಿಕನೇ ಸಾರಥಿಯಾದಾಗ

ಧನವಂತನಾದವನು ತನ್ನ ಸಂಚಾರಸೌಖ್ಯಕ್ಕಾಗಿ ವಾಹನವನ್ನು ಕೊಳ್ಳುವುದು ಹೊಸತೇನೂ ಅಲ್ಲ. ಹಿಂದೆ ಸಾರೋಟು ಇದ್ದಿತು. ಅನಂತರ ಮೋಟಾರು ಬಂದಿತು. ಈಗ ವಿಮಾನವೂ ಬಂದಿದೆ. ಆದರೆ ಸಾರೋಟಿನ ಒಡೆಯನು ಲಗಾಮನ್ನು ಆಳಿನ ಕೈಗೆ ಕೊಟ್ಟು ತಾನು ಹಿಂದೆ ಕುಳಿತಿರುತ್ತಿದ್ದನು. ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಕೆಲವು ದಶಕಗಳಿಂದ ಬೆಳೆದುಬಂದಿರುವ ಗೃಹಸ್ಥರ ಒಂದು ವರ್ಗದ ರೀತಿಯೇ ಬೇರೆ. ಅವರು ವೈದ್ಯರು, ವ್ಯಾಪಾರಿಗಳು, ಕಾರಖಾನೆಗಳ ಯಜಮಾನರು, ವೃತ್ತಿಯಿಂದ ವೈಮಾನಿಕರಲ್ಲ. ಆದರೂ ಕೋಟ್ಯಂತರ ರೂಪಾಯಿಗಳ ಬೆಲೆಯ ಲಘು ಜೆಟ್ ವಿಮಾನವನ್ನು ಕೊಂಡು, ಸಂಬಳದ ಚಾಲಕನನ್ನು ನೇಮಿಸದೆ, ಪಕ್ಕದ ಆಸನದಲ್ಲಿ ಎರಡನೆಯ ವೈಮಾನಿಕನನ್ನೂ ಕೂಡಿಸಿಕೊಳ್ಳದೆ, ಹೆಂಡಿರು ಮಕ್ಕಳನ್ನು ಹಿಂದೆ ಕುಳ್ಳಿರಿಸಿ, ತಾವೊಬ್ಬರೇ ಅದನ್ನು 40,000 ಅಡಿಗಳ ಎತ್ತರಕ್ಕೆ ಒಯ್ಯುತ್ತಾರೆ. ಇಂಥವರ ಮುಂದೆ ಇಂದು ನಾಲ್ಕಾರು ಬಗೆಯ ಯಂತ್ರಗಳಿವೆ. ಯಾವುದನ್ನು ಕೊಳ್ಳುವುದು ಲೇಸು ಎಂಬ ಚರ್ಚೆಯು ಅವರೊಳಗೆ ಬಿಡುವಿಲ್ಲದೆ ನಡೆಯುತ್ತಿರುತ್ತದೆ. ಆ ಚರ್ಚೆಯಲ್ಲಿ ಪ್ರಶ್ನೆಗಳು ತಲೆಕೆಳಗಾದ ಕ್ರಮದಲ್ಲಿ ಕೇಳಲ್ಪಡುತ್ತಿವೆ ಎಂಬುದೇ ನಮ್ಮ ಪ್ರಕೃತ ಲೇಖನದ ವಿಷಯವು.

ಎತ್ತಿನ ಗಾಡಿಗೂ ಬಸ್ಸಿನ ಟಿಕೇಟಿಗೂ ಲೆಕ್ಕ ಹಾಕುವ ನಮ್ಮ ವಾಚಕರಿಗೆ ಈ ಕುಬೇರರ ಆಯ್ಕೆಯ ಗೋಜೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಸಹಜವಾದುದೇ. ಅದಕ್ಕೆ ಉತ್ತರವನ್ನು ನಾವು ತರ್ಕದಿಂದ ಕೊಡುವುದಕ್ಕಿಂತ ಒಂದು ಘಟನೆಯಿಂದ ಕೊಡುವುದು ಉತ್ತಮ. 2014ನೆಯ ಇಸವಿ ಡಿಸೆಂಬರ್ 8ರಂದು ಮೇರಿಲ್ಯಾಂಡ್ ಸಂಸ್ಥಾನದ ಗೇಥರ್ಸ್‌ಬರ್ಗ್ ಎಂಬ ಊರಿನಲ್ಲಿ ಒಡೆಯನೇ ನಡೆಸುತ್ತಿದ್ದ ಎಂಬ್ರಾಯರ್ ಫೀನಮ್ 100 ಎಂಬ ಲಘು ಜೆಟ್ ವಿಮಾನವು ನಿಲ್ದಾಣದ ಸಮೀಪಕ್ಕೆ ಬಂದು, ಇಳಿಯುವುದಕ್ಕೆ ಮುಂಚೆಯೇ ಮನೆಗಳ ಸಾಲಿನ ಮೇಲೆ ಬಿದ್ದಿತು. ವಿಮಾನದಲ್ಲಿದ್ದ ಮೂವರೂ ಸತ್ತರು. ಅವರೊಡನೆ, ತನ್ನ ಮನೆಯೊಳಗೆ ತನ್ನ ಪಾಡಿಗೆ ಇದ್ದ ಒಬ್ಬ ತಾಯಿಯೂ ಆಕೆಯ ಇಬ್ಬರು ಎಳೆಯ ಮಕ್ಕಳೂ ಪ್ರಾಣ ಬಿಟ್ಟರು. ಮಾಡಿದವನು ಉಣ್ಣಲಿ ಎಂಬುದು ಲೋಕದ ಗಾದೆ. ಇಲ್ಲಿ ಮಾಡದವರೂ ಉಂಡರು. ಆ ತಾಯಿಯು ಯಾವ ವಿಮಾನವನ್ನೂ ಆರಿಸಿರಲಿಲ್ಲ. ಆದುದರಿಂದ ಆಕಾಶದಲ್ಲಿ ಒಬ್ಬನು ಮಾಡುವ ಆಯ್ಕೆಯು ಅವನೊಬ್ಬನ ಹಣದ ವಿಷಯವೆಂದು ಬಿಟ್ಟುಬಿಡುವಂತಿಲ್ಲ. ಕೆಳಗೆ ಮನೆ ಕಟ್ಟಿಕೊಂಡು ಬಾಳುವವರೆಲ್ಲರಿಗೂ ಅದರಲ್ಲಿ ಪಾಲುಂಟು.

ಈ ದುರಂತದ ಕಾರಣವನ್ನು ಅಮೇರಿಕೆಯ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಲಿಯು ವಿಚಾರಿಸಿ ಪ್ರಕಟಿಸಿದೆ. ಅಂದು ಮೋಡಗಳಲ್ಲಿ ಹಿಮವು ಕಟ್ಟುವ ಸ್ಥಿತಿಯಿದ್ದಿತು. ರೆಕ್ಕೆಗೂ ಬಾಲದ ಅಡ್ಡಫಲಕಕ್ಕೂ ಹಿಮ ಹತ್ತದಂತೆ ಕಾಯುವ ಉಪಕರಣವು ಆ ವಿಮಾನದಲ್ಲಿದ್ದಿತು. ಆದರೆ ಅದರ ಗುಂಡಿಯನ್ನು ವೈಮಾನಿಕನು ಒತ್ತಿರಲಿಲ್ಲ. ಹಿಮ ಹತ್ತಿದ ರೆಕ್ಕೆಗೆ ಹೆಚ್ಚಿನ ವೇಗವು ಬೇಕು. ಅವನು ಹಿಮವಿಲ್ಲದ ದಿನದ ವೇಗದಲ್ಲಿ ಇಳಿಯತೊಡಗಿದನು. ರೆಕ್ಕೆಯು ಎತ್ತುಬಲವನ್ನು ಕಳೆದುಕೊಳ್ಳಲಿದೆಯೆಂದು ಮುನ್ಸೂಚನೆ ಕೊಡುವ ಯಂತ್ರವೂ ಆ ಗುಂಡಿಯನ್ನು ಒತ್ತಿದಾಗಲೇ ಹಿಮಕ್ಕೆ ತಕ್ಕಂತೆ ಮೊದಲಾಗಿ ಕೂಗುವುದು. ಒತ್ತದೆ ಇದ್ದುದರಿಂದ ಕೂಗಿದಾಗ ಕಾಲವು ಮಿಂಚಿತ್ತು. ವಾಚಕರು ಗಮನಿಸಬೇಕು: ಯಂತ್ರವು ಕೆಟ್ಟಿರಲಿಲ್ಲ, ಎಂಜಿನುಗಳು ನಿಂತಿರಲಿಲ್ಲ. ಒಬ್ಬನೇ ಮನುಷ್ಯನ ಎರಡು ಕೈಗಳು ಮಾಡಬೇಕಾದ ಹತ್ತಾರು ಕೆಲಸಗಳಲ್ಲಿ ಒಂದು ಬಿಟ್ಟುಹೋಯಿತು. ಪಕ್ಕದಲ್ಲಿ ಮತ್ತೊಬ್ಬನಿದ್ದಿದ್ದರೆ "ಗುಂಡಿಯನ್ನು ಒತ್ತಿದಿರಾ?" ಎಂದು ಕೇಳುವ ಒಂದು ಬಾಯಿಯಾದರೂ ಇರುತ್ತಿತ್ತು.

ನಮ್ಮ ಮಹಾಕಾವ್ಯಗಳ ಕಾಲದ ಯುದ್ಧಗಳಲ್ಲಿ ರಥಿಕನು ಬೇರೆ, ಸಾರಥಿಯು ಬೇರೆಯಾಗಿದ್ದುದು ಸುಮ್ಮನೆ ಅಲ್ಲ. ರಥಿಕನ ದೃಷ್ಟಿಯು ಗುರಿಯ ಮೇಲೆ. ಸಾರಥಿಯ ದೃಷ್ಟಿಯು ಕುದುರೆಯ ಮೇಲೆ, ದಾರಿಯ ಮೇಲೆ, ಗಾಲಿಯ ಮೇಲೆ. ಮುಂದಕ್ಕೆ ಹೋಗಬೇಕೆನ್ನುವವನು ಒಬ್ಬ. ಈಗ ಬೇಡ, ತಿರುಗಿಸೋಣ ಎನ್ನಬಲ್ಲವನು ಇನ್ನೊಬ್ಬ. ಒಡೆಯನೇ ವೈಮಾನಿಕನಾದಾಗ ಈ ಇಬ್ಬರೂ ಒಂದೇ ದೇಹದಲ್ಲಿ ವಾಸಿಸಬೇಕಾಗುತ್ತದೆ. ನಾಳೆ ಬೆಳಿಗ್ಗೆ ಸಭೆಯಿದೆ, ಮಕ್ಕಳಿಗೆ ಶಾಲೆಯಿದೆ, ಆದುದರಿಂದ ಇಂದೇ ಊರು ಸೇರಬೇಕೆಂದು ರಥಿಕನು ಅವಸರಪಡಿಸುತ್ತಾನೆ. ಆಗ ಬೇಡವೆನ್ನುವ ಧೈರ್ಯವು ಒಳಗಿನ ಸಾರಥಿಗೆ ಉಳಿದಿರಬೇಕು. ಯಾವ ವಿಮಾನವನ್ನು ಆರಿಸಬೇಕೆಂಬ ಪ್ರಶ್ನೆಯ ತಿರುಳು ಇದೇ ಎಂದು ನಾವು ಭಾವಿಸುತ್ತೇವೆ.

ಈ ಪದ್ಧತಿಯು ಬೆಳೆದ ಬಗೆಯನ್ನು ಸ್ವಲ್ಪ ನೋಡೋಣ. 1963ರ ಅಕ್ಟೋಬರ್ 7ರಂದು ಮೊದಲು ಹಾರಿದ ಲಿಯರ್‌ಜೆಟ್ 23 ಎಂಬ ವಿಮಾನವು ಖಾಸಗಿ ಜನರ ಜೆಟ್ ಯುಗಕ್ಕೆ ನಾಂದಿಯಾಯಿತು. ಆದರೆ ಅದಕ್ಕೆ ಇಬ್ಬರು ವೈಮಾನಿಕರು ಬೇಕಾಗಿದ್ದರು. 1977ರಲ್ಲಿ ಸೆಸ್ನಾ ಕಂಪನಿಯು ಒಬ್ಬನೇ ನಡೆಸಬಹುದಾದ ಸೈಟೇಷನ್ ಜೆಟ್ಟನ್ನು ಹೊರತಂದಿತು. ಮೂರು ವರ್ಷ ಕಳೆಯುವುದರೊಳಗೆ, 1979ರ ಆಗಸ್ಟ್ 2ರಂದು, ನ್ಯೂಯಾರ್ಕಿನ ಯಾಂಕೀಸ್ ತಂಡದ ಪ್ರಸಿದ್ಧ ಬೇಸ್‌ಬಾಲ್ ಆಟಗಾರ ಥರ್ಮನ್ ಮನ್ಸನ್ ಎಂಬಾತನು ಅಂಥದೇ ವಿಮಾನವನ್ನು ಓಹಾಯೋ ಸಂಸ್ಥಾನದ ಆಕ್ರನ್-ಕ್ಯಾಂಟನ್ ನಿಲ್ದಾಣದಲ್ಲಿ ಇಳಿಸುವ ಅಭ್ಯಾಸ ಮಾಡುತ್ತಿದ್ದಾಗ ರನ್‌ವೇ ತಲಪುವ ಮೊದಲೇ ನೆಲಕ್ಕೆ ಬಿದ್ದು ಬೆಂಕಿಯಲ್ಲಿ ಮಡಿದನು. ಜೊತೆಯಲ್ಲಿದ್ದ ಇಬ್ಬರು ಪಾರಾದರು. ಆಟದ ನಡುವಿನ ಬಿಡುವಿನಲ್ಲಿ ಹೆಂಡತಿ ಮಕ್ಕಳನ್ನು ನೋಡಿ ಬರಬೇಕೆಂಬ ವಾತ್ಸಲ್ಯವೇ ಆತನನ್ನು ವಿಮಾನದ ಕಡೆಗೆ ಎಳೆದಿತ್ತು. ಹಾರಲು ಕಲಿತು ಎರಡು ವರ್ಷಗಳಾಗಿರಲಿಲ್ಲ. ಆ ಜೆಟ್ಟನ್ನು ಕೊಂಡು ಒಂದು ತಿಂಗಳು ತುಂಬಿರಲಿಲ್ಲ. ಕಲಿಕೆಯ ಮೆಟ್ಟಿಲುಗಳನ್ನು ಹಣವು ಹಾರಿಸಬಲ್ಲದು, ಕಾಲವು ಹಾರಿಸಲಾರದು ಎಂಬ ಪಾಠವನ್ನು ಲೋಕವು ಅಂದೇ ಕಲಿಯಬಹುದಾಗಿದ್ದಿತು.

ಅನಂತರ 2006ರಲ್ಲಿ ಅತಿಲಘು ಜೆಟ್ಟುಗಳ ಯುಗವೆಂದು ದೊಡ್ಡ ಡಂಗುರವಾಯಿತು. ಆ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿಯೇ ಸೆಸ್ನಾದ ಮಸ್ಟಾಂಗ್ ಎಂಬುದಕ್ಕೂ ನ್ಯೂ ಮೆಕ್ಸಿಕೋದ ಎಕ್ಲಿಪ್ಸ್ 500 ಎಂಬುದಕ್ಕೂ ಸರಕಾರದ ಅರ್ಹತಾಪತ್ರವು ದೊರೆಯಿತು. ಎಕ್ಲಿಪ್ಸ್ ಕಂಪನಿಯವರು ಮೊದಲಿಗೆ 10 ಲಕ್ಷ ಡಾಲರಿಗಿಂತಲೂ ಕಡಿಮೆ ಬೆಲೆಗೆ ಜೆಟ್ ಕೊಡುವೆವೆಂದು ಸಾರಿದ್ದರು. ಜನರು ಮುಂಗಡವನ್ನು ಸುರಿದರು. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಿದಂತಾಯಿತು. ಬೆಲೆಯು ಏರಿತು, ಸುಮಾರು 260 ವಿಮಾನಗಳಾಗುವಷ್ಟರಲ್ಲಿ, 2008ರ ನವೆಂಬರಿನಲ್ಲಿ, ಕಂಪನಿಯು ದಿವಾಳಿಯ ಅರ್ಜಿ ಹಾಕಿತು. ಅದೇ ವರ್ಷ ಕೊಲರಾಡೋದ ಆಡಮ್ ಕಂಪನಿಯೂ ಮುಳುಗಿತು. ಪೈಪರ್ ಕಂಪನಿಯು ತನ್ನ ಒಂಟಿ ಎಂಜಿನಿನ ಜೆಟ್ ಯೋಜನೆಯನ್ನು 2011ರಲ್ಲಿ ಕೈಬಿಟ್ಟಿತು. ಡೈಮಂಡ್ ಕಂಪನಿಯು ತನ್ನದನ್ನು 2013ರಲ್ಲಿ ನಿಲ್ಲಿಸಿತು. ಗಟ್ಟಿಯಾದ ಮನೆತನದ ಮಸ್ಟಾಂಗ್ ವಿಮಾನದ ತಯಾರಿಕೆಯೂ 2017ರಲ್ಲಿ ಮುಗಿಯಿತು. ವಿಮಾನವು ಕುದುರೆಯಂತೆ, ಕೊಂಡ ದಿನದ ಬೆಲೆಗಿಂತ ಸಾಕುವ ಬೆಲೆಯೇ ಹೆಚ್ಚು. ಲಾಯವನ್ನೂ ಹುಲ್ಲನ್ನೂ ಒದಗಿಸುವವನು ಊರು ಬಿಟ್ಟುಹೋದರೆ ಕುದುರೆಯು ಎಷ್ಟು ಚೆಲುವಾದರೇನು? ಆದುದರಿಂದ ಇನ್ನೂ ಹಾರದ ವಿಮಾನಕ್ಕೆ ಮುಂಗಡ ಕೊಡುವವನು ತಾನು ಗ್ರಾಹಕನಲ್ಲ, ಜೂಜುಗಾರನೆಂದು ತಿಳಿದೇ ಕೊಡತಕ್ಕದ್ದು.

ಈಗ ಕಣದಲ್ಲಿ ಉಳಿದಿರುವ ಮುಖ್ಯ ಸ್ಪರ್ಧಿಗಳನ್ನು ಪರಿಶೀಲಿಸೋಣ. ಮೊದಲನೆಯದು ಸಿರಸ್ ಕಂಪನಿಯ ವಿಷನ್ ಜೆಟ್. 2008ರ ಜುಲೈಯಲ್ಲಿ ಮೊದಲು ಹಾರಿ, ಎಂಟು ವರ್ಷಗಳ ತರುವಾಯ 2016ರ ಅಕ್ಟೋಬರಿನಲ್ಲಿ ಅರ್ಹತಾಪತ್ರ ಪಡೆದ ಈ ವಿಮಾನಕ್ಕೆ ಬೆನ್ನಿನ ಮೇಲೆ ಒಂದೇ ಎಂಜಿನು. ವೇಗವು ಗಂಟೆಗೆ ಸುಮಾರು 300 ನಾಟ್, ಅಂದರೆ 555 ಕಿಲೋಮೀಟರು. ಏರುವ ಮಿತಿ ಮೊದಲು 28,000 ಅಡಿ, 2019ರ ಪರಿಷ್ಕರಣದಿಂದ 31,000 ಅಡಿ. ಇದರ ವೈಶಿಷ್ಟ್ಯವೆಂದರೆ ವಿಮಾನವನ್ನೇ ಸಮಗ್ರವಾಗಿ ನೆಲಕ್ಕೆ ಇಳಿಸುವ ಪ್ಯಾರಾಚೂಟು. ಎರಡನೆಯ ಗುಂಪಿನಲ್ಲಿ ಎರಡು ಎಂಜಿನುಗಳ ಮೂರು ವಿಮಾನಗಳು: ಬ್ರೆಜಿಲಿನ ಎಂಬ್ರಾಯರ್ ಫೀನಮ್ 100, ಸೆಸ್ನಾದ ಸೈಟೇಷನ್ ಎಂ2, ಹಾಗೂ ಎಂಜಿನುಗಳನ್ನು ರೆಕ್ಕೆಯ ಮೇಲ್ಗಡೆ ಕಂಬದ ಮೇಲೆ ನಿಲ್ಲಿಸಿರುವ ಹೋಂಡಾಜೆಟ್. ಇವು 400 ನಾಟ್‌ಗಳ ಆಸುಪಾಸಿನ ವೇಗದವು. ಮೊದಲೆರಡು 41,000 ಅಡಿಗೂ ಹೋಂಡಾಜೆಟ್ 43,000 ಅಡಿಗೂ ಏರಬಲ್ಲವು. ಇವುಗಳ ಮೇಲೆ ಫೀನಮ್ 300 ಎಂಬ ಅಣ್ಣನಿದ್ದಾನೆ: 45,000 ಅಡಿ, 450 ನಾಟ್‌ಗಳಿಗೂ ಮೇಲಿನ ವೇಗ, ಮತ್ತು ಒಬ್ಬನೇ ನಡೆಸಲು ಕಾಯಿದೆಯ ಅಪ್ಪಣೆ. ಬೆಲೆಯೂ ಇದೇ ಕ್ರಮದಲ್ಲಿ 30 ಲಕ್ಷ ಡಾಲರಿಗೂ ಮೇಲಿನಿಂದ ಮೊದಲಾಗಿ ಕೋಟಿ ಡಾಲರಿಗೂ ಮೇಲಕ್ಕೆ ಏರುತ್ತದೆ.

ವೇಗದ ಮೋಹವನ್ನು ಮೊದಲು ತೂಗಿ ನೋಡೋಣ. 500 ನಾವಿಕ ಮೈಲಿಗಳ, ಎಂದರೆ ಸುಮಾರು 925 ಕಿಲೋಮೀಟರುಗಳ ಪಯಣವನ್ನು 300 ನಾಟ್‌ನವನು 100 ನಿಮಿಷಗಳಲ್ಲಿಯೂ 400 ನಾಟ್‌ನವನು 75 ನಿಮಿಷಗಳಲ್ಲಿಯೂ ಮುಗಿಸುವನು. ಏರುವ ಇಳಿಯುವ ಕಾಲಗಳನ್ನು ಸೇರಿಸಿದರೆ ಅಂತರವು ಇನ್ನೂ ಕಿರಿದಾಗುವುದು. ಇಪ್ಪತ್ತು ನಿಮಿಷಗಳ ಲಾಭಕ್ಕಾಗಿ ಬೆಲೆಯು ಇಮ್ಮಡಿಯಾಗುವುದನ್ನು ಧನಿಕನು ಸಹಿಸಬಹುದು. ಆದರೆ ವೇಗವು ಹೆಚ್ಚಿದಂತೆ ಯೋಚಿಸುವ ಕಾಲವು ಕಡಿಮೆಯಾಗುತ್ತದೆ. ಆ ನಷ್ಟವನ್ನು ಯಾವ ಬ್ಯಾಂಕಿನ ಖಾತೆಯಿಂದಲೂ ತುಂಬಲಾಗದು. ವಿಮಾನಕ್ಕಿಂತ ಹಿಂದೆ ಉಳಿದ ಮನಸ್ಸೇ ಒಂಟಿ ವೈಮಾನಿಕನ ಮೊದಲ ಶತ್ರು.

ಎತ್ತರದ ವಾದವು ಇದಕ್ಕಿಂತ ಗಟ್ಟಿಯಾದುದೆಂಬುದನ್ನು ನಾವು ಒಪ್ಪಬೇಕು. ಜೆಟ್ ಎಂಜಿನು ತೆಳುಗಾಳಿಯಲ್ಲಿ ಮಿತವಾಗಿ ಉಣ್ಣುತ್ತದೆ. ಕೆಳಗೆ ಇರಿಸಿದರೆ ಹೊಟ್ಟೆಬಾಕನಾಗುತ್ತದೆ. 41,000 ಅಡಿಗಳ ಮೇಲೆ ಹಾರುವವನು ಬಹುಪಾಲು ಮೋಡಗಳನ್ನು ಕೆಳಗೆ ಬಿಟ್ಟು ಹೋಗುವನು. 31,000 ಅಡಿಯವನು ಗುಡುಗುಮೋಡಗಳನ್ನು ಸುತ್ತಿ ಹೋಗಬೇಕು, ಇಲ್ಲವೆ ನೆಲದ ಮೇಲೆ ಕಾಯಬೇಕು. ಹಾಗೆಯೇ ಏರುವ ಗಳಿಗೆಯಲ್ಲಿ ಒಂದು ಎಂಜಿನು ನಿಂತರೂ ಮತ್ತೊಂದರ ಬಲದಿಂದ ಮೇಲೇರುವ ಸಾಮರ್ಥ್ಯವು ಇಮ್ಮಡಿ ಎಂಜಿನುಗಳ ವಿಮಾನಕ್ಕೆ ಇದೆ. ಆದರೆ ಆ ಸಾಮರ್ಥ್ಯವು ಯಂತ್ರದಲ್ಲಿದ್ದರೆ ಸಾಲದು, ಕೈಯಲ್ಲಿರಬೇಕು. ಓರೆಯಾಗಿ ಎಳೆಯುವ ವಿಮಾನವನ್ನು ನೇರವಾಗಿ ಹಿಡಿದು, ವೇಗವನ್ನು ಕಾದು, ಅವಸರಪಡದೆ ಏರುವ ವಿದ್ಯೆಯನ್ನು ಪದೇ ಪದೇ ಸಾಧನೆ ಮಾಡಿದವನಿಗೆ ಮಾತ್ರ ಎರಡನೆಯ ಎಂಜಿನು ವರವಾದೀತು.

ಇನ್ನು ಭಾರದ ಲೆಕ್ಕ. ಮಾರಾಟಗಾರನ ಚಿತ್ರಪಟದಲ್ಲಿ ಏಳು ಆಸನಗಳೂ ಸಾವಿರಾರು ಮೈಲಿಗಳ ದೂರವೂ ಒಟ್ಟೊಟ್ಟಿಗೆ ಕಾಣುತ್ತವೆ. ಆಕಾಶದಲ್ಲಿ ಅವು ಒಟ್ಟಿಗೆ ಬರುವುದಿಲ್ಲ. ಇಂಧನವನ್ನು ಪೂರ್ತಿ ತುಂಬಿದರೆ ವಿಷನ್ ಜೆಟ್ ಎರಡು ಮೂರು ಜನರ ಭಾರವನ್ನಷ್ಟೇ ಹೊರಬಲ್ಲದು. ಜನರನ್ನು ತುಂಬಿದರೆ ಇಂಧನವನ್ನು ಇಳಿಸಬೇಕು. ಇತರ ಲಘು ಜೆಟ್ಟುಗಳೂ ಈ ನಿಯಮಕ್ಕೆ ಹೊರತಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚುವ ವಿವೇಕವಿಲ್ಲದವನಿಗೆ ಯಾವ ಹಾಸಿಗೆಯೂ ಸಾಲದು.

ಇಳಿಯುವ ನೆಲದ ವಿಚಾರವು ಅತ್ಯಂತ ಮುಖ್ಯವಾದರೂ ಚರ್ಚೆಯಲ್ಲಿ ಕಡೆಗೆ ಬರುವುದನ್ನು ಕಂಡಿದ್ದೇವೆ. ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗದಂತೆ ಬೆಳೆಯುತ್ತದೆ. ನಿಗದಿಯಾದುದಕ್ಕಿಂತ ನೂರಕ್ಕೆ 10ರಷ್ಟು ಹೆಚ್ಚು ವೇಗದಲ್ಲಿ ನೆಲ ಮುಟ್ಟಿದವನು ನೂರಕ್ಕೆ 21ರಷ್ಟು ಹೆಚ್ಚಿನ ಶಕ್ತಿಯನ್ನು ಬ್ರೇಕುಗಳಿಂದ ನುಂಗಿಸಬೇಕು. ದೊಡ್ಡ ವಿಮಾನಗಳಂತೆ ಎಂಜಿನಿನ ನೂಕನ್ನು ಹಿಂದುಮುಂದು ಮಾಡಿ ನಿಲ್ಲಿಸುವ ಸಾಧನವು ಈ ಗಾತ್ರದ ಬಹುತೇಕ ಜೆಟ್ಟುಗಳಲ್ಲಿ ಇಲ್ಲ. ರನ್‌ವೇ ತೇವವಾಗಿದ್ದು ಗಿಡ್ಡದೂ ಆಗಿದ್ದರೆ ಬ್ರೇಕು ಹಿಡಿಯುವುದಿಲ್ಲ, ನೆಲ ಮುಗಿಯುತ್ತದೆ. ಒಡೆಯನು ತನ್ನ ಮನೆಯ ಸಮೀಪದ ಕಿರು ನಿಲ್ದಾಣವು ಎಷ್ಟು ಉದ್ದವೆಂಬುದನ್ನು ಅಳೆದು, ಮಳೆಯ ದಿನದ ಲೆಕ್ಕವನ್ನು ಹಾಕಿ, ಅದರ ಮೇಲೆ ಮತ್ತಷ್ಟು ಮಿಗಿಸಿ, ಆಮೇಲೆ ವಿಮಾನವನ್ನು ಆರಿಸತಕ್ಕದ್ದು. ವಿಮಾನವನ್ನು ಕೊಂಡು ನೆಲವನ್ನು ಹುಡುಕುವುದು ವಿವೇಕವಲ್ಲ.

ಯಂತ್ರವೇ ಎರಡನೆಯ ಸಾರಥಿಯಾಗಲಾರದೇ ಎಂದು ಕೇಳುವವರುಂಟು. ಈ ದಿಕ್ಕಿನಲ್ಲಿ ಆಗಿರುವ ಪ್ರಗತಿಯು ಶ್ಲಾಘನೀಯ. ವೈಮಾನಿಕನು ಮೂರ್ಛೆ ಹೋದರೆ ಪ್ರಯಾಣಿಕನೊಬ್ಬನು ಒಂದು ಗುಂಡಿಯನ್ನು ಒತ್ತಿದ ಮಾತ್ರಕ್ಕೆ, ವಿಮಾನವೇ ಸಮೀಪದ ತಕ್ಕ ನಿಲ್ದಾಣವನ್ನು ಆರಿಸಿ, ಆಕಾಶವಾಣಿಯಲ್ಲಿ ಸುದ್ದಿ ತಿಳಿಸಿ, ತಾನಾಗಿ ಇಳಿದು ನಿಲ್ಲುವ ಗಾರ್ಮಿನ್ ಕಂಪನಿಯ ಏರ್ಪಾಡಿಗೆ 2020ರಲ್ಲಿ ಮನ್ನಣೆ ದೊರೆಯಿತು. ವಿಷನ್ ಜೆಟ್ಟಿಗೂ ಅದೇ ವರ್ಷ ಅದು ಬಂದಿತು. 2022ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾದ ಕಿಸಿಮ್ಮೀ ಎಂಬಲ್ಲಿ ಬಿರುಗಾಳಿಯ ಹವೆಯಲ್ಲಿ ಸಿಕ್ಕಿಕೊಂಡ ವಿಷನ್ ಜೆಟ್ಟೊಂದು ಪ್ಯಾರಾಚೂಟನ್ನು ಬಿಚ್ಚಿ ಜೌಗುನೆಲದಲ್ಲಿ ಇಳಿಯಿತು. ಒಳಗಿದ್ದ ಮೂವರೂ ಬದುಕಿದರು. ಇದನ್ನು ಹಾಸ್ಯ ಮಾಡುವ ಹಳಬರ ಮಾತಿಗೆ ನಾವು ಬೆಲೆ ಕೊಡೆವು. ಮೂರು ಜೀವಗಳು ಉಳಿದವೆಂಬುದಕ್ಕಿಂತ ದೊಡ್ಡ ಪ್ರಮಾಣವು ಬೇಕಿಲ್ಲ.

ಆದರೆ ಇನ್ನೊಂದು ಪುಟವನ್ನೂ ಓದಬೇಕು. ಅದೇ ವಿಷನ್ ಜೆಟ್ಟುಗಳನ್ನು 2019ರ ಏಪ್ರಿಲಿನಲ್ಲಿ ಸರಕಾರದ ವಿಮಾನಯಾನ ಇಲಾಖೆಯು ನೆಲಕ್ಕೆ ಕಟ್ಟಿಹಾಕಿತು. ರೆಕ್ಕೆಯು ಗಾಳಿಯನ್ನು ಎದುರಿಸುವ ಕೋನವನ್ನು ಅಳೆಯುವ ಒಂದು ಸಣ್ಣ ಉಪಕರಣವು ಸುಳ್ಳು ಹೇಳಿ, ಆಪತ್ತಿಲ್ಲದ ವೇಳೆಯಲ್ಲಿ ಆಪತ್ತಿನ ಕೂಗನ್ನು ಎಬ್ಬಿಸಿ, ವಿಮಾನದ ಮೂತಿಯನ್ನು ತಾನಾಗಿ ಕೆಳಕ್ಕೆ ಒತ್ತಿದ ಪ್ರಸಂಗಗಳು ಅದಕ್ಕೆ ಕಾರಣ. ಉಪಕರಣಗಳನ್ನು ಬದಲಾಯಿಸಿದ ಮೇಲೆ ವಿಮಾನಗಳು ಮತ್ತೆ ಹಾರಿದುವು. ಕಾಯುವ ಯಂತ್ರವು ಕಾಡುವ ಯಂತ್ರವೂ ಆಗಬಲ್ಲುದು. ಯಾವ ಗಳಿಗೆಯಲ್ಲಿ ಅದನ್ನು ನಂಬಬೇಕು, ಯಾವ ಗಳಿಗೆಯಲ್ಲಿ ಅದರ ಕೈಯಿಂದ ಬಿಡಿಸಿಕೊಳ್ಳಬೇಕು ಎಂಬುದನ್ನು ಬಲ್ಲವನು ಮನುಷ್ಯನೇ. ಪ್ಯಾರಾಚೂಟು ಇದೆಯೆಂದು ಬಿರುಗಾಳಿಯೊಳಗೆ ನುಗ್ಗುವವನು, ವೈದ್ಯನು ನೆರೆಮನೆಯಲ್ಲಿರುವನೆಂದು ವಿಷವನ್ನು ರುಚಿ ನೋಡುವವನಿಗೆ ಸಮಾನನು.

ಯಂತ್ರವನ್ನು ಬದಲಾಯಿಸುವುದರಲ್ಲಿರುವ ಅಪಾಯವನ್ನು 2016ರ ಡಿಸೆಂಬರ್ 29ರ ರಾತ್ರಿಯು ಘೋರವಾಗಿ ತೋರಿಸಿತು. ಕ್ಲೀವ್‌ಲ್ಯಾಂಡಿನ ಸರೋವರತೀರದ ನಿಲ್ದಾಣದಿಂದ ಸೈಟೇಷನ್ ಸಿಜೆ4 ಎಂಬ ಜೆಟ್ಟು ಏರಿ, ಕೆಲವು ನಿಮಿಷಗಳಲ್ಲಿಯೇ ಈರೀ ಸರೋವರದ ಕತ್ತಲ ನೀರಿನಲ್ಲಿ ಮುಳುಗಿತು. ಒಡೆಯನಾದ ವೈಮಾನಿಕನೂ ಮಕ್ಕಳೂ ಸೇರಿ ಆರು ಮಂದಿ ಮಡಿದರು. ಆತನು ಅನನುಭವಿಯಲ್ಲ; ಮೊದಲು ಮಸ್ಟಾಂಗ್ ಜೆಟ್ಟನ್ನು ನಡೆಸುತ್ತಿದ್ದವನು. ಹೊಸ ವಿಮಾನಕ್ಕೆ ಪರವಾನಗಿಯನ್ನು ಪಡೆದು ಕೆಲವೇ ದಿನಗಳಾಗಿದ್ದುವು. ಹಳೆಯದರಲ್ಲಿ ದಿಗಂತವನ್ನು ತೋರಿಸುವ ಫಲಕವೂ ಸ್ವಯಂಚಾಲಕದ ಗುಂಡಿಗಳೂ ಒಂದು ರೀತಿ. ಹೊಸದರಲ್ಲಿ ಮತ್ತೊಂದು ರೀತಿ. ಸ್ವಯಂಚಾಲಕವು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದರಲ್ಲಿ ಭ್ರಮೆ ಉಂಟಾಯಿತು. ದಿನವೆಲ್ಲ ಎಚ್ಚರವಾಗಿದ್ದ ದಣಿವು ಅದಕ್ಕೆ ಕೂಡಿತು. ಕತ್ತಲಲ್ಲಿ ಮೇಲು ಕೆಳಗುಗಳ ಪರಿವೆಯೇ ತಪ್ಪಿತು. ಹಳೆಯ ಯಂತ್ರದ ಅಭ್ಯಾಸವೇ ಹೊಸ ಯಂತ್ರದಲ್ಲಿ ಶತ್ರುವಾಯಿತೆಂದು ಸುರಕ್ಷಾ ಮಂಡಲಿಯು ಹೇಳಿದೆ. ಪರವಾನಗಿಯೆಂಬುದು ಕಲಿಕೆಯ ಮುಕ್ತಾಯವಲ್ಲ. ಕಲಿಯಲು ಸರಕಾರವು ಕೊಡುವ ಅಪ್ಪಣೆ. ಅದನ್ನು ಪದವಿಯ ಪತ್ರವೆಂದು ತಿಳಿದು ಗೋಡೆಗೆ ತೂಗುಹಾಕುವವನು ತನಗೂ ತನ್ನವರಿಗೂ ಅನ್ಯಾಯ ಮಾಡುವನು.

ಹಾಗಾದರೆ ಕೊಳ್ಳುವವನು ಕೇಳಬೇಕಾದ ಪ್ರಶ್ನೆಗಳು ಯಾವುವು? ನಮ್ಮ ಅಭಿಪ್ರಾಯದಲ್ಲಿ ಅವುಗಳ ಕ್ರಮವು ಹೀಗಿರತಕ್ಕದ್ದು. ಮೊದಲನೆಯದಾಗಿ, ವರ್ಷದಲ್ಲಿ ಎಷ್ಟು ಗಂಟೆ ತಾನು ನಿಜವಾಗಿ ಹಾರುವನು? ವಾರವಾರವೂ ಹಾರುವ ಕೈಗೂ ಹಬ್ಬಕ್ಕೊಮ್ಮೆ ಹಾರುವ ಕೈಗೂ ಅಜಗಜಾಂತರವುಂಟು. ಎರಡನೆಯದಾಗಿ, ತಾನು ಎಂದೋ ಒಮ್ಮೆ ಕನಸಿನಲ್ಲಿ ಮಾಡುವ ಪಯಣವಲ್ಲ, ಹತ್ತರಲ್ಲಿ ಎಂಟು ಬಾರಿ ಮಾಡುವ ಪಯಣವು ಎಷ್ಟು ದೂರದ್ದು, ಎಷ್ಟು ಜನರದ್ದು? ಮೂರನೆಯದಾಗಿ, ಇಳಿಯುವ ನೆಲವು ಎಷ್ಟು ಉದ್ದ? ನಾಲ್ಕನೆಯದಾಗಿ, ತಾನು ಈವರೆಗೆ ನಡೆಸಿದ ಯಂತ್ರದ ಫಲಕಕ್ಕೂ ಹೊಸದಕ್ಕೂ ಎಷ್ಟು ಹೋಲಿಕೆ? ಐದನೆಯದಾಗಿ, ತರಬೇತಿಯ ಯಂತ್ರವೂ ದುರಸ್ತಿಯ ಶಾಲೆಯೂ ಎಷ್ಟು ಸಮೀಪ, ಮಾಡಿದ ಕಂಪನಿಯು ಎಷ್ಟು ಗಟ್ಟಿ? ಬೆಲೆಯೂ ವೇಗವೂ ಒಳಗಿನ ಚರ್ಮದ ಬಣ್ಣವೂ ಇವೆಲ್ಲಕ್ಕೂ ಕಡೆಗೆ ಬರತಕ್ಕವು. ಇಂದು ಆ ಕಡೆಯವೇ ಮೊದಲಾಗಿ, ಮೊದಲಿನವು ಕೇಳುವವರಿಲ್ಲದೆ ಉಳಿಯುತ್ತಿರುವುದು ವಿಷಾದಕರ.

ಈ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಂಡರೆ ಆಯ್ಕೆಯು ತಾನಾಗಿ ಸ್ಪಷ್ಟವಾಗುತ್ತದೆ. ಒಂಟಿ ಎಂಜಿನಿನ ಸಣ್ಣ ವಿಮಾನದಿಂದ ಮೊದಲ ಬಾರಿಗೆ ಮೇಲೇರುವವನು, ಮೂರು ನಾಲ್ಕು ಜನರ ಸಂಸಾರದವನು, ಐದಾರು ನೂರು ಮೈಲಿಗಳೊಳಗೆ ಸಂಚರಿಸುವವನು ವಿಷನ್ ಜೆಟ್ಟನ್ನು ಆರಿಸಿದರೆ ಅವಮಾನವೇನೂ ಇಲ್ಲ. ಅದರ ನಿಧಾನವು ಅವನಿಗೆ ದೋಷವಲ್ಲ, ಗುಣ. ಜೆಟ್ ಎಂಬ ಹೆಸರಿನ ಹಂಗಿಲ್ಲದವನು ಪಂಖವುಳ್ಳ ಟರ್ಬೊಪ್ರಾಪ್ ವಿಮಾನವನ್ನೂ ನೋಡಬಹುದು. ಫ್ರಾನ್ಸಿನ ಡಾಹೇರ್ ಕಂಪನಿಯ ಟಿಬಿಎಂ ವಿಮಾನವು 330 ನಾಟ್ ವೇಗದಿಂದ ಆ ಒಂಟಿ ಜೆಟ್ಟನ್ನೇ ಹಿಂದೆ ಹಾಕುವುದಲ್ಲದೆ ಗಿಡ್ಡ ನೆಲದಲ್ಲಿಯೂ ಇಳಿಯುತ್ತದೆ. ಎರಡು ಎಂಜಿನುಗಳ ವಿದ್ಯೆಯನ್ನು ಬಲ್ಲವನಾಗಿ, ವರ್ಷವಿಡೀ ಹಾರುವವನಾಗಿ, ಉದ್ದನೆಯ ನೆಲವುಳ್ಳವನಾದರೆ ಎಂ2, ಫೀನಮ್ 100, ಹೋಂಡಾಜೆಟ್ ಇವುಗಳಲ್ಲಿ ತನ್ನ ಹಳೆಯ ಯಂತ್ರಕ್ಕೆ ಸಮೀಪವಾದುದನ್ನೂ ದುರಸ್ತಿಯು ಹತ್ತಿರವಿರುವುದನ್ನೂ ಆರಿಸಲಿ. ಫೀನಮ್ 300ರಂತಹ ಯಂತ್ರವನ್ನು ಕಾಯಿದೆಯು ಒಬ್ಬನಿಗೆ ಕೊಟ್ಟಿದ್ದರೂ ವಿವೇಕವು ಇಬ್ಬರಿಗೆ ಕೊಡುತ್ತದೆ. ಕಾಯಿದೆಯು ಕನಿಷ್ಠವನ್ನು ಹೇಳುವುದು. ಗೃಹಸ್ಥನು ಕನಿಷ್ಠದಿಂದ ಬಾಳತಕ್ಕವನಲ್ಲ.

ಯಾವುದನ್ನೇ ಕೊಳ್ಳಲಿ, ಮೊದಲ ವರ್ಷವಾದರೂ ಬಲಗಡೆಯ ಆಸನದಲ್ಲಿ ನುರಿತ ವೈಮಾನಿಕನೊಬ್ಬನು ಕುಳಿತಿರಬೇಕೆಂಬುದು ನಮ್ಮ ದೃಢವಾದ ಮತ. ಅಮೇರಿಕೆಯ ನಿಯಮದಂತೆ ಪ್ರತಿಯೊಂದು ಬಗೆಯ ಜೆಟ್ಟಿಗೂ ಪ್ರತ್ಯೇಕ ಪರೀಕ್ಷೆಯುಂಟು. ಇಬ್ಬರು ಸೇರಿ ಪರೀಕ್ಷೆ ಕೊಟ್ಟವನಿಗೆ ಎರಡನೆಯವನಿಲ್ಲದೆ ಹಾರಕೂಡದೆಂಬ ನಿಬಂಧನೆಯುಂಟು. ವಿಮಾ ಕಂಪನಿಗಳೂ ಹೊಸಬನು ಇಂತಿಷ್ಟು ಗಂಟೆ ಹಿರಿಯನೊಡನೆ ಹಾರಬೇಕೆಂದು ಷರತ್ತು ಹಾಕುವುದುಂಟು. ಹಲವರು ಈ ಷರತ್ತನ್ನು ದಂಡವೆಂದು ಭಾವಿಸಿ ಅದನ್ನು ಆದಷ್ಟು ಬೇಗ ಮುಗಿಸಿಕೊಳ್ಳಲು ಹವಣಿಸುತ್ತಾರೆ. ಲಕ್ಷಗಟ್ಟಲೆ ಡಾಲರುಗಳನ್ನು ಯಂತ್ರಕ್ಕೆ ಸುರಿದು ಗುರುವಿನ ದಿನಗೂಲಿಗೆ ಚೌಕಾಸಿ ಮಾಡುವುದು, ಆನೆಯನ್ನು ಕೊಂಡು ಅಂಕುಶಕ್ಕೆ ಜಗಳವಾಡಿದಂತೆ. ವಿಮಾನವನ್ನು ಮಾರುವ ಕಂಪನಿಗಳೂ ಬೀಗದ ಕೈಯನ್ನು ಕೊಡುವಾಗ ಹಣವನ್ನು ಎಣಿಸುವಷ್ಟೇ ಶ್ರದ್ಧೆಯಿಂದ ಗ್ರಾಹಕನ ಹಾರಾಟದ ಗಂಟೆಗಳನ್ನೂ ಎಣಿಸಬೇಕು. ಸರಕಾರದ ಪರೀಕ್ಷೆಗಳು ಯಾಂತ್ರಿಕವಾದ ಶಾಸ್ತ್ರವಾಗದೆ, ಹಿಮ, ಕತ್ತಲೆ, ತೇವದ ನೆಲ, ದಣಿವು ಇವುಗಳನ್ನು ಎದುರಿಸುವ ನಿಜವಾದ ಕಸೋಟಿಯಾಗಬೇಕು.

ಇದೆಲ್ಲ ವ್ಯಕ್ತಿಯ ಸ್ವಾತಂತ್ರ್ಯಕ್ಕೆ ಕಡಿವಾಣವೆಂದು ಒಡೆಯ-ವೈಮಾನಿಕರು ಮುನಿಯಬಹುದು. ತನ್ನ ಹಣ, ತನ್ನ ಯಂತ್ರ, ತನ್ನ ಪ್ರಾಣವೆಂಬುದು ಅವರ ವಾದ. ನಾವು ಅವರ ಸಾಹಸವನ್ನು ಹಳಿಯುವವರಲ್ಲ. ಸ್ವಂತ ಕೈಯಿಂದ ಆಕಾಶವನ್ನು ಅಳೆಯಬೇಕೆಂಬ ಹಂಬಲವು ಉದಾತ್ತವಾದುದು. ನಮ್ಮ ದೇಶದ ವಿಮಾನಯಾನವೂ ಅಂಥ ಹಂಬಲದಿಂದಲೇ ಹುಟ್ಟಿತು. 1929ರಲ್ಲಿ ಭಾರತದ ಮೊದಲ ವೈಮಾನಿಕ ಪರವಾನಗಿಯನ್ನು ಪಡೆದ ಜೆ. ಆರ್. ಡಿ. ಟಾಟಾ ಅವರು 1932ರ ಅಕ್ಟೋಬರ್ 15ರಂದು ಟಪಾಲನ್ನು ಹೊತ್ತ ತಮ್ಮ ಪುಟ್ಟ ಪಸ್ ಮಾತ್ ವಿಮಾನವನ್ನು ಕರಾಚಿಯಿಂದ ಮುಂಬಯಿಗೆ ತಾವೇ ನಡೆಸಿಕೊಂಡು ಬಂದರು. ಅಲ್ಲಿಂದ ಮುಂದೆ ನಮ್ಮ ಬಳ್ಳಾರಿಯ ಮೂಲಕ ಮದರಾಸಿಗೆ ಆ ಟಪಾಲನ್ನು ಒಯ್ದವರು ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟರು. ಸಂಸ್ಥೆಯ ಒಡೆಯನಾದವನು ದಾರಿಯ ಒಂದು ಭಾಗವನ್ನು ತಾನು ನಡೆಸಿ, ಉಳಿದುದನ್ನು ಮತ್ತೊಬ್ಬ ನುರಿತವನ ಕೈಗೆ ಒಪ್ಪಿಸಿದುದರಿಂದ ಅಂದಿನ ಸಾಹಸದ ಕೀರ್ತಿಗೆ ಕಿಂಚಿತ್ತೂ ಕುಂದು ಬರಲಿಲ್ಲ. ಚುಕ್ಕಾಣಿಯನ್ನು ಹಂಚಿಕೊಳ್ಳುವುದು ಹೇಡಿತನವಲ್ಲ.

ಸ್ವಾತಂತ್ರ್ಯವು ಸ್ವೇಚ್ಛೆಯಲ್ಲವೆಂಬ ಮಾತು ನೆಲದ ಮೇಲೆ ಎಷ್ಟು ಸತ್ಯವೋ ಆಕಾಶದಲ್ಲಿ ಅದಕ್ಕಿಂತ ಹೆಚ್ಚು ಸತ್ಯ. ನೆಲದ ಮೇಲೆ ತಪ್ಪಿದವನು ನಿಂತು ಯೋಚಿಸಬಹುದು; ಆಕಾಶದಲ್ಲಿ ನಿಲ್ಲಲು ತಾಣವಿಲ್ಲ. ವಿಮಾನವು ಎಷ್ಟು ವೇಗವಾಗಿ ಹೋಗಬಲ್ಲದು ಎಂದು ಕೇಳುವ ಮೊದಲು, ತಾನು ಎಷ್ಟು ದೃಢವಾಗಿ 'ಇಂದು ಹೋಗುವುದಿಲ್ಲ' ಎನ್ನಬಲ್ಲೆ ಎಂದು ಒಡೆಯನು ತನ್ನನ್ನು ಕೇಳಿಕೊಳ್ಳಲಿ. ಆ ಮಾತನ್ನು ಹೆಂಡತಿ ಮಕ್ಕಳ ಮುಂದೆ, ಕಾಯುತ್ತಿರುವ ವ್ಯವಹಾರಸ್ಥರ ಮುಂದೆ, ತನ್ನ ಅಭಿಮಾನದ ಮುಂದೆ ಹೇಳಬಲ್ಲವನಿಗೆ ಯಾವ ಜೆಟ್ಟಾದರೂ ಒಲಿದೀತು. ಹೇಳಲಾರದವನಿಗೆ ಹಿಂದಿನ ಆಸನವೇ ಲೇಸು. ಅಲ್ಲಿಂದಲೂ ಆಕಾಶವು ಅಷ್ಟೇ ಚೆಲುವಾಗಿ ಕಾಣುತ್ತದೆ. ಕೆಳಗಿನ ಮನೆಗಳಲ್ಲಿ ಮಕ್ಕಳೂ ನಿಶ್ಚಿಂತೆಯಿಂದ ನಿದ್ರಿಸುತ್ತಾರೆ.